ನಲ್ಲಿಯ ನೀರಿನ ಹಿಂದಿರುವ ಒಪ್ಪಂದ

ನ್ಯೂಯಾರ್ಕ್ ನಗರದ ಸುಮಾರು ಶೇಕಡ 90ರಷ್ಟು ಕುಡಿಯುವ ನೀರು ಶೋಧನಾ ಘಟಕದ ಮೂಲಕ ಹಾದು ಬರುವುದಿಲ್ಲ. ಅದಕ್ಕೆ ಕ್ಲೋರಿನ್ ಬೆರೆಸುತ್ತಾರೆ, ಅತಿನೇರಳೆ ಕಿರಣ ಹಾಯಿಸುತ್ತಾರೆ. ನೀರು ಮೂಲದಲ್ಲೇ ಶುಚಿಯಾಗಿರಬೇಕು. ಆ ಮೂಲ ಇರುವುದು ದೂರದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ, ಬೇರೆಯವರ ಹೊಲ, ಕೊಟ್ಟಿಗೆ, ಕಾಡುಗಳ ನಡುವೆ.

ವೈದ್ಯನಾದ ನನಗೆ ಇದು ಬರೀ ಪರಿಸರದ ವಿಷಯವಲ್ಲ. 1993ರಲ್ಲಿ ಮಿಲ್ವಾಕಿ ನಗರದಲ್ಲಿ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿ ನಲ್ಲಿ ನೀರಿಗೆ ಸೇರಿ ಸುಮಾರು 4 ಲಕ್ಷ ಜನ ಅತಿಸಾರದಿಂದ ನರಳಿದರು. ಅದು ಕ್ಲೋರಿನ್‌ಗೆ ಸುಲಭವಾಗಿ ಸಾಯುವುದಿಲ್ಲ. ಎಳೆಗರುಗಳ ಸಗಣಿಯಲ್ಲಿ ಹೇರಳವಾಗಿರಬಲ್ಲದು.

1989ರ ಕೇಂದ್ರ ಸರ್ಕಾರದ ನಿಯಮ ನಗರಗಳ ಮುಂದೆ ಎರಡು ದಾರಿ ಇಟ್ಟಿತು: ನೀರನ್ನು ಶೋಧಿಸಿ, ಇಲ್ಲವೇ ಜಲಾನಯನ ಪ್ರದೇಶ ಸುರಕ್ಷಿತವೆಂದು ತೋರಿಸಿ. ಶೋಧನಾ ಘಟಕಕ್ಕೆ ಹಲವು ಶತಕೋಟಿ ಡಾಲರ್ ಬೇಕಿತ್ತು. 1990ರಲ್ಲಿ ನಗರ ರೈತರ ಮೇಲೆ ಕಟ್ಟುನಿಟ್ಟಿನ ನಿಯಮ ಹೇರಲು ಹೊರಟಾಗ ಬೆಟ್ಟದ ಜನ ತಿರುಗಿಬಿದ್ದರು. ಹಿಂದೆ ಇದೇ ನಗರದ ಜಲಾಶಯಗಳಿಗಾಗಿ ಅವರ ಹಳ್ಳಿಗಳು ಮುಳುಗಿದ್ದವು.

ಮಾತುಕತೆಯ ಫಲವಾಗಿ ಜಲಾನಯನ ಕೃಷಿ ಮಂಡಳಿ ಹುಟ್ಟಿತು. ಹಣ ನಗರದ್ದು, ಆಡಳಿತ ರೈತರದ್ದು. ಸೇರುವುದು ಐಚ್ಛಿಕ, ಆದರೆ ಐದು ವರ್ಷಗಳಲ್ಲಿ ಶೇಕಡ 85ರಷ್ಟು ಫಾರ್ಮ್‌ಗಳು ಸೇರಬೇಕೆಂಬ ಗುರಿಯಿತ್ತು. ಆ ಗುರಿ ಈಡೇರಿತು. ಕರುಗಳಿಗೆ ಪ್ರತ್ಯೇಕ ಕೊಟ್ಟಿಗೆ, ಗೊಬ್ಬರ ಕೂಡಿಡಲು ವ್ಯವಸ್ಥೆ, ದನಗಳು ಹೊಳೆಗಿಳಿಯದಂತೆ ಬೇಲಿ: ಕೆಲಸಗಳು ಇಂಥವು. 1997ರ ಜನವರಿಯಲ್ಲಿ ನಗರ, ರಾಜ್ಯ, ಕೇಂದ್ರದ ಪರಿಸರ ಸಂಸ್ಥೆ, ಬೆಟ್ಟದ ಊರುಗಳು ಮತ್ತು ಪರಿಸರ ಸಂಘಟನೆಗಳು ದೊಡ್ಡ ಒಪ್ಪಂದಕ್ಕೆ ಸಹಿ ಹಾಕಿದವು. ಅದರಂತೆ, ಮಾರಲು ಒಪ್ಪಿದವರಿಂದ ಮಾತ್ರ ನಗರ ಜಮೀನು ಕೊಳ್ಳಬೇಕು. ಕೊಂಡ ಜಮೀನಿಗೆ ಸ್ಥಳೀಯ ತೆರಿಗೆ ಕಟ್ಟಬೇಕು. ಮನೆಗಳ ಸೆಪ್ಟಿಕ್ ಟ್ಯಾಂಕ್ ದುರಸ್ತಿಗೂ ಹಣ ಕೊಡಬೇಕು.

ಇದು ಬರೀ ಸದ್ಭಾವನೆಯಿಂದ ಆದದ್ದಲ್ಲ. ರೈತರ ಸಹಕಾರವಿಲ್ಲದೆ ನಗರಕ್ಕೆ ಶುದ್ಧ ನೀರಿಲ್ಲ. ಒಪ್ಪಂದವಿಲ್ಲದಿದ್ದರೆ ರೈತರಿಗೆ ಕಠಿಣ ನಿಯಮ ತಪ್ಪದು. ಖರ್ಚು ಲಾಭ ಪಡೆಯುವವರದು. ತೀರ್ಮಾನದಲ್ಲಿ ಎರಡೂ ಕಡೆಯವರಿಗೆ ಪಾಲು. ಇವೆಲ್ಲದರ ಹಿಂದೆ ಕಾನೂನು ನಿಂತಿತ್ತು. ಶೋಧನೆಯಿಂದ ಸಿಕ್ಕ ವಿನಾಯಿತಿಯೂ ಶಾಶ್ವತವಲ್ಲ. ಆಗಾಗ ಪರಿಶೀಲಿಸಿ ನವೀಕರಿಸುತ್ತಾರೆ.

ನಗರಕ್ಕೆ ಹತ್ತಿರದ ಕ್ರೋಟನ್ ಜಲಾನಯನದಲ್ಲಿ ಬಡಾವಣೆಗಳು ಬೆಳೆದಿದ್ದವು. ಅಲ್ಲಿನ ನೀರಿಗೆ ಕೊನೆಗೆ 300 ಕೋಟಿ ಡಾಲರ್‌ಗೂ ಮಿಕ್ಕಿ ಖರ್ಚಾದ ಶೋಧನಾ ಘಟಕ ಕಟ್ಟಬೇಕಾಯಿತು. 2015ರಲ್ಲಿ ಅದು ಕೆಲಸ ಆರಂಭಿಸಿತು.

ಬೆಟ್ಟದಲ್ಲಿ ತಕರಾರುಗಳು ಮುಗಿದಿಲ್ಲ. ನಗರ ಜಮೀನು ಕೊಳ್ಳುತ್ತಾ ಹೋದರೆ ತಮ್ಮ ಊರು ಬೆಳೆಯುವುದು ಹೇಗೆ ಎಂದು ಅಲ್ಲಿನವರು ಕೇಳುತ್ತಾ ಬಂದಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಈ ನಗರದಲ್ಲಿ ನೆಲೆಸಿ ಅದೇ ನೀರು ಕುಡಿಯುವ ನಮ್ಮವರೂ ನೀರಿನ ಬಿಲ್ ಕಟ್ಟುವಾಗ ಒಂದು ಮಾತು ನೆನೆಯಬೇಕು: ಅದರಲ್ಲಿ ಒಂದು ಪಾಲು ನಾವು ನೋಡಿಯೇ ಇರದ ರೈತರೊಬ್ಬರ ಕೊಟ್ಟಿಗೆಗೆ ಸಲ್ಲುತ್ತದೆ.