ಹಳೆಯ ಜೀಪಿನ ನೀರು ಎಲ್ಲಿಗೆ ಹೋಗುತ್ತದೆ?

ಮಹೀಂದ್ರ ಕಂಪನಿಯವರು ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲು ಪ್ರಾರಂಭಿಸಿದ್ದು 1947ರಲ್ಲಿ. ಅಂದಿನಿಂದ ಜೀಪು ಮಲೆನಾಡಿನ ತೋಟಗಳ ಆಳಾಗಿ ದುಡಿಯುತ್ತಾ ಬಂದಿದೆ. ಹೊಸ ಬಗೆಯ ವಾಹನಗಳು ಎಷ್ಟೇ ಬಂದಿದ್ದರೂ ಕಾಫಿ ಹಣ್ಣನ್ನು ಕಣಕ್ಕೆ ಸಾಗಿಸಲು, ಏರುದಾರಿಯಲ್ಲಿ ಗೊಬ್ಬರದ ಮೂಟೆ ಹೊರಲು, ಮಳೆಗಾಲದ ನಡುರಾತ್ರಿ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸಲು ಹಳೆಯ ಜೀಪನ್ನೇ ನಂಬಿದ ಮನೆಗಳು ಇಂದಿಗೂ ಅನೇಕ.

ಇಂತಹ ಜೀಪುಗಳ ಹಿಂಬದಿಯಲ್ಲಿ ಒಂದು ಕ್ಯಾನು ನೀರು ಇರುವುದನ್ನು ನೀವು ನೋಡಿರಬಹುದು. "ಹಳೇ ಗಾಡಿ, ಸ್ವಲ್ಪ ನೀರು ಕುಡಿಯುತ್ತದೆ" ಎಂದು ಹೇಳಿ ದಿನವೂ ರೇಡಿಯೇಟರಿಗೆ ನೀರು ಸುರಿಯುವುದು ರೂಢಿ. ರೈತ ಬಾಂಧವರೇ, ಯಾವ ಜೀಪೂ ನೀರು ಕುಡಿಯುವುದಿಲ್ಲ. ಎಂಜಿನ್ನಿನ ನೀರು ಸುತ್ತಿದಲ್ಲೇ ಸುತ್ತುತ್ತಿರಬೇಕು. ಅದು ಕಡಿಮೆಯಾಗುತ್ತಿದ್ದರೆ ಹೊರಹೋಗುವ ದಾರಿ ಎಲ್ಲೋ ಇದೆ ಎಂದೇ ಅರ್ಥ. ಆ ದಾರಿಯನ್ನು ಇಂದು ಹುಡುಕಿದರೆ ಒಂದು ಹೋಸ್ ಪೈಪಿನ ಖರ್ಚಿನಲ್ಲಿ ಮುಗಿಯಬಹುದು. ಹುಡುಕದೆ ಬಿಟ್ಟರೆ ಕೊಯ್ಲಿನ ನಡುವೆ ಎಂಜಿನ್ ಹೆಡ್ ಸೀಳಿ, ಗಾಡಿ ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲಬಹುದು.

ತೋಟದ ದಾರಿಯಲ್ಲೇ ಏಕೆ ಹೆಚ್ಚು ಕಾಯುತ್ತದೆ?

ಹೆದ್ದಾರಿಯಲ್ಲಿ ಓಡುವಾಗ ಎದುರುಗಾಳಿಯು ರೇಡಿಯೇಟರಿನೊಳಗೆ ತಾನಾಗಿ ನುಗ್ಗುತ್ತದೆ. ಏರುದಾರಿಯಲ್ಲಿ ಭಾರ ಹೊತ್ತು ಫಸ್ಟ್ ಗೇರಿನಲ್ಲಿ ಹೋಗುವಾಗ ಎಂಜಿನ್ ಬಹಳ ದುಡಿಯುತ್ತದೆ, ಗಾಡಿ ಮಾತ್ರ ಆಮೆಯಂತೆ ಸಾಗುತ್ತದೆ. ಆಗ ಗಾಳಿ ಎಳೆಯುವ ಹೊಣೆಯೆಲ್ಲ ಫ್ಯಾನಿನದು. ಬೆಲ್ಟ್ ಸಡಿಲವಾಗಿದ್ದರೆ, ಇಲ್ಲವೇ ಫ್ಯಾನಿನ ಸುತ್ತಲಿನ ತಗಡಿನ ಕವಚವನ್ನು ಯಾರಾದರೂ ಕಳಚಿಟ್ಟಿದ್ದರೆ ಸೂಜಿ ಕೂಡಲೇ ಮೇಲೇರುತ್ತದೆ.

ಎರಡನೆಯ ಕಾರಣ ಎತ್ತರ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, 1,000 ಮೀಟರ್ ಎತ್ತರದಲ್ಲಿ ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಮಡಿಕೇರಿ, ಚಿಕ್ಕಮಗಳೂರು ಪಟ್ಟಣಗಳು ಇದಕ್ಕಿಂತಲೂ ಎತ್ತರದಲ್ಲಿವೆ. ಇಲ್ಲಿ ನೆರವಿಗೆ ಬರುವುದು ರೇಡಿಯೇಟರಿನ ಮುಚ್ಚಳ. ಅದು ಒಳಗಿನ ನೀರನ್ನು ಒತ್ತಡದಲ್ಲಿ ಹಿಡಿದಿಡುತ್ತದೆ. ಚದರ ಅಂಗುಲಕ್ಕೆ 7 ಪೌಂಡ್ ಒತ್ತಡ ತಡೆಯುವ ಮುಚ್ಚಳವಿದ್ದರೆ ಅದೇ 1,000 ಮೀಟರ್ ಎತ್ತರದಲ್ಲೂ ನೀರು ಸುಮಾರು 109 ಡಿಗ್ರಿಯವರೆಗೆ ಕುದಿಯುವುದಿಲ್ಲ. ಮುಚ್ಚಳದ ರಬ್ಬರು ಒಡೆದಿದ್ದರೆ ಅಥವಾ ಸ್ಪ್ರಿಂಗ್ ಸೋತಿದ್ದರೆ ಈ ರಕ್ಷಣೆ ಇಲ್ಲವಾಗುತ್ತದೆ. ಆದುದರಿಂದ ರಿಪೇರಿಯನ್ನು ಅತಿ ಅಗ್ಗದ ಭಾಗವಾದ ಮುಚ್ಚಳದಿಂದ ಪ್ರಾರಂಭಿಸಿ. ನಿಮ್ಮ ಗಾಡಿಗೆ ಹೇಳಿದ ಒತ್ತಡದ ಮುಚ್ಚಳವನ್ನೇ ಹಾಕಿ. ಅದಕ್ಕಿಂತ ಹೆಚ್ಚಿನದನ್ನು ಹಾಕಿದರೆ ಹಳೆಯ ಬೆಸುಗೆ ಬಿಡಬಹುದು.

ಸೋರಿಕೆ ಹುಡುಕುವ ಕ್ರಮ

ಸಂಜೆ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಕೆಳಗೆ ಒಣಗಿದ ರಟ್ಟನ್ನು ಹರಡಿರಿ. ಬೆಳಿಗ್ಗೆ ಒದ್ದೆಯಾದ ಗುರುತೇ ದಾರಿ ತೋರಿಸುತ್ತದೆ.

1. ಗುರುತು ಮುಂಭಾಗದಲ್ಲಿದ್ದರೆ ರೇಡಿಯೇಟರಿನ ಕೆಳತೊಟ್ಟಿ, ನೀರು ಬಿಡುವ ಕಾಕ್ ಮತ್ತು ಕೆಳಗಿನ ಹೋಸ್ ನೋಡಿ. ಬೆಸುಗೆಯ ಬಳಿ ಬಿಳಿ ಅಥವಾ ತುಕ್ಕು ಬಣ್ಣದ ಕಲೆಯಿದ್ದರೆ ಸೋರಿಕೆ ಅಲ್ಲೇ. ತಾಮ್ರ-ಹಿತ್ತಾಳೆಯ ಹಳೆಯ ರೇಡಿಯೇಟರನ್ನು ಬೆಸುಗೆ ಹಾಕಿಸಿ ಬಳಸಬಹುದು.

2. ಹೋಸ್ ಪೈಪನ್ನು ಹಿಚುಕಿ ನೋಡಿ. ಬಿರುಕು ಬಿಟ್ಟಿದ್ದರೆ, ಉಬ್ಬಿದ್ದರೆ ಅಥವಾ ಮೆತ್ತಗಾಗಿದ್ದರೆ ಬದಲಾಯಿಸಿ. ಕ್ಲಿಪ್ಪಿನ ಬದಲು ಕಟ್ಟುಕಂಬಿ ಬಿಗಿಯುವುದು ಬೇಡ. ಅದು ರಬ್ಬರನ್ನು ಕತ್ತರಿಸುತ್ತದೆ.

3. ಗುರುತು ಫ್ಯಾನಿನ ನೇರ ಕೆಳಗಿದ್ದರೆ ವಾಟರ್ ಪಂಪನ್ನು ಸಂದೇಹಿಸಿ. ಪಂಪಿನ ಕೆಳಬದಿಯಲ್ಲಿ ಚಿಕ್ಕ ತೂತು ಇರುತ್ತದೆ. ಒಳಗಿನ ಸೀಲು ಸವೆದಾಗ ನೀರು ಅಲ್ಲಿಂದ ಜಿನುಗಿ ಎಚ್ಚರಿಸುತ್ತದೆ. ಆ ತೂತನ್ನು ಮುಚ್ಚಿಸಿದರೆ ನೀರು ಬೇರಿಂಗಿಗೆ ಇಳಿದು ಪಂಪೇ ಹಾಳಾಗುತ್ತದೆ.

4. ಎಂಜಿನ್ ಬದಿಯಿಂದ ನೀರು ಇಳಿದಿದ್ದರೆ ಬ್ಲಾಕಿಗೆ ಬಡಿದು ಕೂರಿಸಿದ ಬಿಲ್ಲೆಗಳನ್ನು ಪರೀಕ್ಷಿಸಿ. ಮೆಕ್ಯಾನಿಕರು ಇವನ್ನು ಕೋರ್ ಪ್ಲಗ್ ಎನ್ನುವರು. ಬರೀ ನೀರಿನಲ್ಲೇ ಓಡಿದ ಎಂಜಿನ್ನುಗಳಲ್ಲಿ ಇವು ಒಳಗಿನಿಂದ ತುಕ್ಕು ಹಿಡಿಯುತ್ತವೆ.

5. ರಟ್ಟು ಒಣಗಿಯೇ ಇದ್ದು ನೀರು ಮಾತ್ರ ಇಳಿಯುತ್ತಿದ್ದರೆ ಎಚ್ಚರ ವಹಿಸಿ. ನೀರು ಮುಚ್ಚಳದಿಂದ ಆವಿಯಾಗಿ ಹೋಗುತ್ತಿರಬಹುದು, ಇಲ್ಲವೇ ಎಂಜಿನ್ ಒಳಗೇ ಸೇರುತ್ತಿರಬಹುದು. ಡಿಪ್‌ಸ್ಟಿಕ್ಕಿನ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುವುದು, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುವುದು, ರೇಡಿಯೇಟರಿನಲ್ಲಿ ಎಡೆಬಿಡದೆ ಗುಳ್ಳೆ ಏಳುವುದು, ಇವು ಹೆಡ್ ಗ್ಯಾಸ್ಕೆಟ್ ಹೋಗಿರುವ ಅಥವಾ ಹೆಡ್ ಸೀಳಿರುವ ಲಕ್ಷಣಗಳು. ಎಣ್ಣೆಯಲ್ಲಿ ನೀರು ಕಂಡರೆ ಎಂಜಿನ್ ಚಾಲೂ ಮಾಡಲೇ ಕೂಡದು. ಹೆಡ್ ಬಿಚ್ಚಿಸಿದಾಗ ಅದರ ಮುಖ ಸಮತಟ್ಟಾಗಿದೆಯೇ ಎಂದು ಪರೀಕ್ಷಿಸಿಯೇ ಹೊಸ ಗ್ಯಾಸ್ಕೆಟ್ ಹಾಕಿಸತಕ್ಕದ್ದು.

ಒಂದು ಮಾತು ನೆನಪಿರಲಿ. ಪ್ರತ್ಯೇಕ ನೀರಿನ ಬಾಟಲಿ ಇಲ್ಲದ ಹಳೆಯ ಜೀಪುಗಳಲ್ಲಿ ಕತ್ತಿನವರೆಗೆ ನೀರು ತುಂಬಿದರೆ ಬಿಸಿಗೆ ಹಿಗ್ಗಿ ಹೆಚ್ಚಿನದು ಹೊರಚೆಲ್ಲುತ್ತದೆ. ಇದು ಸೋರಿಕೆಯಲ್ಲ. ಕತ್ತಿನಿಂದ ಸುಮಾರು ಒಂದು ಅಂಗುಲ ಕೆಳಗೆ ನೀರು ನಿಂತು, ಅಲ್ಲೇ ಉಳಿದರೆ ಚಿಂತೆ ಬೇಡ.

ಸೋರಿಕೆ ಇಲ್ಲದೆಯೂ ಕಾದರೆ

ರೇಡಿಯೇಟರಿನ ರೆಕ್ಕೆಗಳ ನಡುವೆ ಕೆಸರು, ಹುಲ್ಲಿನ ಬೀಜ, ಹೊಟ್ಟು ಸೇರಿ ಗಾಳಿಯ ದಾರಿ ಕಟ್ಟಿರಬಹುದು. ಎಂಜಿನ್ ತಣ್ಣಗಿರುವಾಗ ಹಿಂಬದಿಯಿಂದ ಮುಂದಕ್ಕೆ ಮೆಲ್ಲನೆ ನೀರು ಹಾಯಿಸಿ ತೊಳೆಯಿರಿ. ಜೋರಾದ ಪಂಪಿನ ನೀರು ರೆಕ್ಕೆಗಳನ್ನು ಮಡಚಿಬಿಡುತ್ತದೆ. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ತಗ್ಗಬೇಕು.

ಥರ್ಮೋಸ್ಟಾಟ್ ಕೆಟ್ಟಿದೆಯೆಂದು ಅದನ್ನು ಕಿತ್ತೆಸೆಯುವುದು ಸರಿಯಲ್ಲ. ಅದಿಲ್ಲದೆ ಎಂಜಿನ್ ಬೇಕಾದ ಬಿಸಿಗೆ ತಡವಾಗಿ ಬರುತ್ತದೆ, ಸಿಲಿಂಡರ್ ಸವೆತ ಹೆಚ್ಚುತ್ತದೆ. ಕೆಲವು ಎಂಜಿನ್ನುಗಳಲ್ಲಿ ಒಂದಿಷ್ಟು ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲಿ ಹಿಂದಿರುಗಿ ಕಾವು ಇನ್ನೂ ಏರುವುದುಂಟು. ಬಿಚ್ಚಿದ ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿ. ಅದರ ಮೇಲೆ ನಮೂದಿಸಿದ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ತೆರೆಯದಿದ್ದರೆ ಹೊಸದನ್ನು ಹಾಕಿ.

ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಎಂಜಿನ್ ಕೂರಿಸಿದ ಜೀಪಾದರೆ, ರೇಡಿಯೇಟರ್ ಮತ್ತು ಫ್ಯಾನು ಹೊಸ ಎಂಜಿನ್ನಿಗೆ ತಕ್ಕವೇ ಎಂಬುದನ್ನೂ ವಿಚಾರಿಸಿ.

ಯಾವ ನೀರು ಹಾಕಬೇಕು?

ಕೊಳವೆ ಬಾವಿಯ ಗಡುಸು ನೀರು ಕಾದಾಗ, ಮನೆಯ ಹಂಡೆಯಲ್ಲಿ ಕಟ್ಟುವಂತೆಯೇ, ಎಂಜಿನ್ ಒಳಗೂ ಸುಣ್ಣದ ಪೊರೆ ಕಟ್ಟುತ್ತದೆ. ಪೊರೆ ಕಟ್ಟಿದ ಲೋಹ ಶಾಖವನ್ನು ಬಿಟ್ಟುಕೊಡುವುದಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಉತ್ತಮ. ಸಿಗದಿದ್ದರೆ ಶುಚಿಯಾಗಿ ಹಿಡಿದು ಸೋಸಿದ ಮಳೆನೀರು ಬಾವಿ ನೀರಿಗಿಂತ ಮೇಲು. ಅದಕ್ಕೆ ಕೂಲೆಂಟನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿದರೆ ಕುದಿಯುವ ಮಟ್ಟವೂ ಏರುತ್ತದೆ, ತುಕ್ಕೂ ತಡೆಯುತ್ತದೆ. ಬೇರೆ ಬೇರೆ ಬಗೆಯ ಕೂಲೆಂಟುಗಳನ್ನು ಬೆರೆಸಬೇಡಿ.

ಕೂಲೆಂಟ್ ಸಿಹಿಯಾದ ವಿಷ. ನಾಯಿ, ದನಕರುಗಳು ನೆಕ್ಕಿದರೆ ಪ್ರಾಣಾಪಾಯವುಂಟು. ಬಿಟ್ಟ ಹಳೆಯ ನೀರನ್ನು ಹಳ್ಳಕ್ಕೆ, ತೋಟಕ್ಕೆ ಚೆಲ್ಲಬೇಡಿ. ಕ್ಯಾನಿನಲ್ಲಿ ಹಿಡಿದು ಗ್ಯಾರೇಜಿಗೆ ಕೊಡಿ.

ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಉಪಾಯ ನಿಮಗೂ ತಿಳಿದಿರಬಹುದು. ಸಣ್ಣ ತೂತು ಅದರಿಂದ ತಾತ್ಕಾಲಿಕವಾಗಿ ಕಟ್ಟುವುದು ನಿಜ. ಆದರೆ ತೂತು ಯಾವುದು, ನೀರು ಹರಿಯುವ ಸಪೂರ ಕೊಳವೆ ಯಾವುದು ಎಂಬ ವಿವೇಚನೆ ಅರಿಶಿನಕ್ಕಿಲ್ಲ. ಊರು ಸೇರಲು ಬಳಸಿದ್ದರೆ, ಸೇರಿದ ಕೂಡಲೇ ಒಳಭಾಗವನ್ನೆಲ್ಲ ತೊಳೆಸಿ, ತೂತಿಗೆ ಬೆಸುಗೆ ಹಾಕಿಸಿ.

ದಾರಿಯಲ್ಲಿ ಕುದಿದರೆ

ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ. ಆವಿ ಏಳುತ್ತಿದ್ದರೆ ಅಥವಾ ಬೆಲ್ಟ್ ಹರಿದಿದ್ದರೆ ಎಂಜಿನ್ನನ್ನು ತಕ್ಷಣ ಆರಿಸಿ. ಬಿಸಿ ಮುಚ್ಚಳವನ್ನು ಎಂದಿಗೂ ತೆಗೆಯಬೇಡಿ. ಕುದಿನೀರು ಚಿಮ್ಮಿ ಮುಖ, ಕೈ ಬೆಂದುಹೋಗುತ್ತದೆ. ಮೇಲಿನ ಹೋಸನ್ನು ಕೈಯಲ್ಲಿ ಹಿಡಿಯುವಷ್ಟು ಆರುವವರೆಗೆ ಕಾಯಿರಿ. ತರುವಾಯ ಒದ್ದೆ ಗೋಣಿಯನ್ನು ಮುಚ್ಚಳದ ಮೇಲೆ ಹಾಕಿ ಮೆಲ್ಲನೆ ತಿರುಗಿಸಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳೀತು. ಹೋಸ್ ಒಡೆದಿದ್ದರೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ನೀರು ತುಂಬಿ, ಮುಚ್ಚಳವನ್ನು ಪೂರ್ತಿ ಬಿಗಿಯದೆ ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಹೋಗಬಹುದು.

ಕೊನೆಯದಾಗಿ, ಜೀಪು ನಿಲ್ಲಿಸುವ ಕೊಟ್ಟಿಗೆಯಲ್ಲಿ ಒಂದು ಪುಸ್ತಕವನ್ನು ತೂಗುಹಾಕಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೀರಿನ ಮಟ್ಟ ನೋಡಿ, ಎಷ್ಟು ಸೇರಿಸಿದಿರೆಂದು ತಾರೀಖಿನೊಡನೆ ಬರೆಯಿರಿ. ಹಸು ಹಾಲು ಕಡಿಮೆ ಕೊಟ್ಟ ದಿನವೇ ನೀವು ಕಾರಣ ಹುಡುಕುವುದಿಲ್ಲವೇ? ವಾರಕ್ಕೆ ಒಂದು ಲೋಟವಿದ್ದುದು ದಿನಕ್ಕೆ ಒಂದು ಲೋಟವಾದಾಗ ಪುಸ್ತಕವೇ ಅದನ್ನು ಹೇಳುತ್ತದೆ. ಆ ದಿನವೇ ರಟ್ಟು ಹಾಸಿರಿ. ನವೆಂಬರಿನಲ್ಲಿ ಕಾಫಿ ಹಣ್ಣಾಗುವ ಮೊದಲೇ ಈ ಕೆಲಸ ಮುಗಿದಿರಲಿ.