ವಕಾಲತ್ತಿಗೆ ಕಾಸಿಲ್ಲದವರ ಕಚೇರಿ

‘ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ವಕೀಲರ ಫೀಜು, ಸ್ಟಾಂಪು, ನಕಲಿನ ಖರ್ಚು, ವಾಯಿದೆಯ ಮೇಲೆ ವಾಯಿದೆ, ಪ್ರತಿ ವಾಯಿದೆಗೂ ಬಸ್ ಚಾರ್ಜು, ಜೊತೆಗೆ ಒಂದು ದಿನದ ಕೂಲಿ ಖೋತಾ. ಈ ಲೆಕ್ಕ ಹಾಕಿಯೇ ಎಷ್ಟೋ ಮಂದಿ ತಮಗೆ ಬರಬೇಕಾದ ಜಮೀನಿನ ಪಾಲನ್ನೂ ಜೀವನಾಂಶವನ್ನೂ ಬಿಟ್ಟು ಸುಮ್ಮನಾಗುತ್ತಾರೆ. ಅಂಥವರಿಗೆಂದೇ ಇರುವುದು ತಾಲ್ಲೂಕು ಕಾನೂನು ಸೇವಾ ಸಮಿತಿ.

ಇದರ ಬೇರು ಸಂವಿಧಾನದ 39ಎ ವಿಧಿಯಲ್ಲಿದೆ. ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ಅದಕ್ಕಾಗಿ ಸರ್ಕಾರ ಉಚಿತ ಕಾನೂನು ನೆರವು ಕೊಡಬೇಕು ಎನ್ನುವ ಈ ವಿಧಿ 1976ರ 42ನೇ ತಿದ್ದುಪಡಿಯ ಮೂಲಕ ಸೇರಿತು. ಆದರೆ ಅದು ನಿರ್ದೇಶಕ ತತ್ವಗಳ ಸಾಲಿನಲ್ಲಿತ್ತು. ಕೋರ್ಟಿಗೆ ಹೋಗಿ ಕೇಳಿ ಪಡೆಯುವ ಹಕ್ಕಾಗಿರಲಿಲ್ಲ.

ಅದಕ್ಕೆ ಬಲ ಬಂದದ್ದು 1979ರಲ್ಲಿ. ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ನಡೆಯದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಸ್ಥಿತಿ ಪತ್ರಿಕೆಯಲ್ಲಿ ಬಯಲಾಯಿತು. ಕೆಲವರಂತೂ ಆರೋಪ ಸಾಬೀತಾಗಿದ್ದರೆ ಅನುಭವಿಸಬೇಕಿದ್ದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ಒಳಗಿದ್ದರು. ಈ ಕೈದಿಗಳ ಪರವಾಗಿ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಹುಸೇನಾರಾ ಖಾತೂನ್ ಪ್ರಕರಣವೆಂದು ಹೆಸರಾದ ಆ ದಾವೆಯಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ, ಬಡ ಆರೋಪಿಗೆ ಉಚಿತ ವಕೀಲರ ನೆರವು 21ನೇ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನಲ್ಲೇ ಅಡಗಿದೆ ಎಂದಿತು. ಅಂದಿನಿಂದ ಈ ನೆರವು ಯಾರ ದಯೆಯೂ ಅಲ್ಲ, ಹಕ್ಕು.

ಆ ಹಕ್ಕನ್ನು ಊರೂರಿಗೆ ಮುಟ್ಟಿಸಲು ಬಂದದ್ದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ. ಅದು ಜಾರಿಯಾದದ್ದು 1995ರ ನವೆಂಬರ್ 9ರಂದು. ನಮ್ಮ ರಾಜ್ಯ ಪ್ರಾಧಿಕಾರದ ಕಚೇರಿ ಬೆಂಗಳೂರಿನ ‘ನ್ಯಾಯ ದೇಗುಲ’ದಲ್ಲಿದೆ. ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾ ನ್ಯಾಯಾಧೀಶರು, ತಾಲ್ಲೂಕು ಸಮಿತಿಗೆ ಅಲ್ಲಿನ ಹಿರಿಯ ನ್ಯಾಯಾಧೀಶರು ಅಧ್ಯಕ್ಷರು.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಜೀತ ಅಥವಾ ಮಾನವ ಸಾಗಣೆಗೆ ಸಿಕ್ಕವರು, ನೆರೆ, ಬರ, ಭೂಕಂಪದ ಸಂತ್ರಸ್ತರು, ಬಂಧನದಲ್ಲಿರುವವರು ಈ ನೆರವಿಗೆ ಅರ್ಹರು. ಇವರ ಆದಾಯ ಎಷ್ಟೆಂದು ಕಾಯ್ದೆ ಕೇಳುವುದಿಲ್ಲ. ಉಳಿದವರಿಗೆ ಮಾತ್ರ ಸರ್ಕಾರ ನಿಗದಿಪಡಿಸಿದ ಆದಾಯ ಮಿತಿ ಉಂಟು. ವಕೀಲರಷ್ಟೇ ಅಲ್ಲ, ಕೋರ್ಟ್ ಶುಲ್ಕ, ದಾಖಲೆಗಳ ನಕಲು, ಅನುವಾದದ ವೆಚ್ಚವೂ ಸಿಗುತ್ತದೆ. ಓದುಬರಹ ಬಾರದವರ ಅರ್ಜಿಯನ್ನು ಕಚೇರಿಯವರೇ ಕೇಳಿ ಬರೆದುಕೊಳ್ಳಬೇಕು. ನೇಮಕಗೊಂಡ ವಕೀಲರು ಕಕ್ಷಿದಾರರಿಂದ ಕಾಸು ಕೇಳುವಂತಿಲ್ಲ.

ಈ ವ್ಯವಸ್ಥೆಯ ಇನ್ನೊಂದು ಕೈ ಲೋಕ ಅದಾಲತ್. ಚೆಕ್ ಬೌನ್ಸ್, ಅಪಘಾತ ಪರಿಹಾರ, ಆಸ್ತಿ ಪಾಲು, ಬ್ಯಾಂಕ್ ಸಾಲದಂಥ ವ್ಯಾಜ್ಯಗಳು ಇಲ್ಲಿ ಎರಡೂ ಕಡೆಯವರ ಒಪ್ಪಿಗೆಯಿಂದ ಬಗೆಹರಿಯುತ್ತವೆ. ಮೊದಲೇ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸಾಗುತ್ತದೆ. ಇಲ್ಲಿನ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ, ಮೇಲ್ಮನವಿ ಇಲ್ಲ. ಆದ್ದರಿಂದ ಸಹಿ ಹಾಕುವ ಮುನ್ನ ಷರತ್ತುಗಳನ್ನು ಚೆನ್ನಾಗಿ ಕೇಳಿ ತಿಳಿದುಕೊಳ್ಳಬೇಕು.

ಬಿಟ್ಟಿ ವಕೀಲರು ಮನಸ್ಸಿಟ್ಟು ವಾದಿಸುತ್ತಾರೆಯೇ ಎಂಬ ಅನುಮಾನ ಜನರಲ್ಲಿದೆ. ಸಿಗುವ ಗೌರವಧನ ಅಲ್ಪವಾದರೆ ಒಳ್ಳೆಯ ವಕೀಲರು ಇತ್ತ ಬರುವುದು ಕಷ್ಟವೇ. ಇದನ್ನರಿತು 2022ರಿಂದ ಕ್ರಿಮಿನಲ್ ಪ್ರಕರಣಗಳಿಗೆಂದೇ ಪೂರ್ಣಾವಧಿ ಕಾನೂನು ನೆರವು ಅಭಿರಕ್ಷಕರನ್ನು ಜಿಲ್ಲೆಗಳಲ್ಲಿ ನೇಮಿಸಲಾಗುತ್ತಿದೆ. ಇದು ಸರಿಯಾದ ಹೆಜ್ಜೆ. ಬಡವರ ಪರ ನಿಲ್ಲುವವರಿಗೆ ತಕ್ಕ ಸಂಬಳ ಕೊಡದೆ ಸಮಾನ ನ್ಯಾಯದ ಮಾತಾಡಿ ಪ್ರಯೋಜನವಿಲ್ಲ.

ಆದರೂ ಕಚೇರಿ ಇದೆಯೆಂದು ಗೊತ್ತೇ ಇಲ್ಲದವರಿಗೆ ಅದು ಇದ್ದೂ ಇಲ್ಲದಂತೆ. ನಿಮ್ಮ ಮನೆಗೆಲಸಕ್ಕೆ ಬರುವ ಅಕ್ಕ, ತೋಟದ ಆಳು, ಪಕ್ಕದ ಬೀದಿಯ ಅಜ್ಜಿ, ಯಾರಿಗಾದರೂ ಇದು ಬೇಕಾಗಬಹುದು. ಅವರಿಗೆ ಈ ವಿಷಯ ಹೇಳಿ. ಸಹಾಯವಾಣಿ ಸಂಖ್ಯೆ 15100.