ಮಲ್ಲ, ವೇಷಧಾರಿ, ಅಭ್ಯರ್ಥಿ

1968ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ದಾರಾಸಿಂಗರು ಅಮೆರಿಕದ ಲೂ ಥೆಜ್ ಎಂಬ ಜಗಜಟ್ಟಿಯನ್ನು ಸೋಲಿಸಿ ವಿಶ್ವವಿಜೇತರೆನಿಸಿದರು. ಅವರೇ 1987ರಲ್ಲಿ ಆರಂಭವಾದ ದೂರದರ್ಶನದ ರಾಮಾಯಣದಲ್ಲಿ ಹನುಮಂತನಾದರು. 2003ರಲ್ಲಿ ನಾಮನಿರ್ದೇಶಿತರಾಗಿ ರಾಜ್ಯಸಭೆಯನ್ನೂ ಪ್ರವೇಶಿಸಿದರು. ಜನರು ವೀರನನ್ನು ಎಲ್ಲೆಡೆಯೂ ಬಯಸುತ್ತಾರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ವಾಚಕರು ಎದುರಾಳಿಯ ಸ್ಥಾನವನ್ನೂ ಗಮನಿಸಬೇಕು. ಕಿಂಗ್‌ಕಾಂಗನೆಂದು ಹೆಸರಾದ ಭಾರೀ ಮಲ್ಲನಿಲ್ಲದಿದ್ದರೆ ದಾರಾಸಿಂಗರ ಖ್ಯಾತಿ ಅಷ್ಟು ಬೆಳೆಯುತ್ತಿತ್ತೇ? ನಮ್ಮ ಯಕ್ಷಗಾನದಲ್ಲಂತೂ ಸೋಲುವವನಿಗೇ ಮರ್ಯಾದೆ ಹೆಚ್ಚು. ಕರ್ಣಪರ್ವದಲ್ಲಿ ಅರ್ಜುನನು ಗೆಲ್ಲುವನೆಂಬುದು ಮಗುವಿಗೂ ಗೊತ್ತು. ಆದರೂ ಕರ್ಣನ ಅರ್ಥ ಕೇಳಲೆಂದೇ ಜನರು ನಿದ್ದೆಗೆಟ್ಟು ಕುಳಿತಿರುತ್ತಾರೆ. ಭಾಗವತರು ಮಂಗಳ ಹಾಡಿದ ಮೇಲೆ ಕರ್ಣಾರ್ಜುನರಿಬ್ಬರೂ ಚೌಕಿಯಲ್ಲಿ ಒಂದೇ ಬಟ್ಟಲಿನ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾರೆ.

ಚುನಾವಣೆಯ ಸಭೆಗಳಲ್ಲಿ ಅಭ್ಯರ್ಥಿಗಳು ಗದೆ, ಬಿಲ್ಲು, ಖಡ್ಗಗಳನ್ನು ಎತ್ತಿ ಹಿಡಿಯುವುದು ರಂಗದಿಂದ ಎರವಲು ತಂದ ಪದ್ಧತಿಯೇ. ಬಣ್ಣ ತೆಗೆಯುವ ಕ್ರಮವನ್ನು ಮಾತ್ರ ತರಲಿಲ್ಲ. ಅವರಾದರೂ ಸದನದ ಹೊರಗೆ ಜತೆಯಾಗಿ ಚಹಾ ಕುಡಿದಾರು. ಅವರ ಯುದ್ಧವನ್ನು ನಿಜವೆಂದೇ ನಂಬಿದವರ ಪಾಡೇನು? ಈಗ ತಮ್ಮನು ನೋಡಿಕೊಳ್ಳುತ್ತಿರುವ ನಮ್ಮ ಹೊಟೇಲಿಗೆ ಇಬ್ಬರು ಹಿರಿಯರು ಇಪ್ಪತ್ತು ವರ್ಷ ಕೂಡಿಯೇ ಬರುತ್ತಿದ್ದರು. ಒಂದು ಮಸಾಲೆದೋಸೆ, ಎರಡು ತಟ್ಟೆ. 2024ರ ಲೋಕಸಭಾ ಚುನಾವಣೆಯ ಮಾತಿನಲ್ಲಿ ಅವರಿಗೆ ವೈಮನಸ್ಯವಾಯಿತು. ಈಗ ಒಬ್ಬರು ಎಂಟು ಗಂಟೆಗೆ ಬರುತ್ತಾರೆ. ಇನ್ನೊಬ್ಬರು, “ಅವರು ಹೋದರೇ?” ಎಂದು ಗಲ್ಲಾದಲ್ಲಿ ವಿಚಾರಿಸಿಕೊಂಡೇ ಒಳಗೆ ಕಾಲಿಡುತ್ತಾರೆ.